ಹುನಗುಂದ ರಸ್ತೆಯ ಫ್ಲೆಕ್ಸಿನಲ್ಲಿ ವಾಸವಾಗಿರುವ ಶ್ರೀಮತಿಯವರಿಗೆ

ಇಳಕಲ್ಲ ಊರಿನ ಹುನಗುಂದ ರಸ್ತೆಯಲ್ಲಿ, ಎರಡು ಕಬ್ಬಿಣದ ಕಂಬಗಳ ಮೇಲೆ, ನೆಲದಿಂದ ಹದಿನೆಂಟು ಅಡಿ ಎತ್ತರದಲ್ಲಿ, ಬಿಸಿಲು ಗಾಳಿ ಧೂಳು ಯಾವುದನ್ನೂ ಲೆಕ್ಕಿಸದೆ ಹಗಲಿರುಳು ನಗುತ್ತ ನಿಂತಿರುವ ‘ಹಾಲ್ದಿಂಗಳು’ ಮುಖಕಾಂತಿ ಕ್ರೀಮಿನ ಮಾನ್ಯ ಮಹಿಳೆಯವರಿಗೆ, ಎದುರುಮನೆಯ ಅಂದಪ್ಪ, ನಿವೃತ್ತ ಬಸ್ ನಿಲ್ದಾಣ ಕಂಟ್ರೋಲರ್, ಮಾಡುವ ಶರಣು ಶರಣಾರ್ಥಿಗಳು. ತಾವು ಕ್ಷೇಮವೆಂದು ನನ್ನ ಪಡಸಾಲೆಯಿಂದಲೇ ಕಾಣುತ್ತದೆ. ನಮ್ಮ ಕ್ಷೇಮದ ವಿಷಯ ಮುಂದೆ ಬರುತ್ತದೆ.

ಮಾನ್ಯರೇ,

ಆರು ವರ್ಷಗಳಿಂದ ಮುಂಜಾನೆಯ ಚಹಾದ ಹೊತ್ತಿಗೆ ತಾವು ನನ್ನನ್ನೂ ನಾನು ತಮ್ಮನ್ನೂ ನೋಡುತ್ತ ಬಂದಿದ್ದರೂ ಇಲ್ಲಿಯವರೆಗೆ ಪರಸ್ಪರ ಮಾತಾಡಿಲ್ಲ. ಪರಹೆಂಗಸಿನೊಂದಿಗೆ ರಸ್ತೆ ದಾಟಿ ಮಾತಾಡುವುದು ಸರಿಯಲ್ಲವೆಂದು ನಾನು ಸುಮ್ಮನಿದ್ದೆ. ತಾವೇಕೆ ಸುಮ್ಮನಿದ್ದಿರೋ ತಿಳಿಯದು. ಈ ಪತ್ರವನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕೆಂದು ಕುಳಿತು, ‘ವಿತ್ ಡ್ಯೂ ರಿಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್’ ಎನ್ನುವವರೆಗೆ ಸಲೀಸಾಗಿ ಬಂದೆ. ಏನು ಸ್ಟೇಟ್ ಮಾಡಬೇಕೆಂಬುದು ಮಾತ್ರ ಕನ್ನಡದಲ್ಲಿಯೇ ಹೊಳೆಯತೊಡಗಿದ್ದರಿಂದ ಭಾಷೆ ಬದಲಿಸಿದ್ದೇನೆ. ನಾನು ಬಾಗಲಕೋಟೆಯ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದವರೆಗೆ ಓದಿದವನು. ಇಂಗ್ಲಿಷ್ ನನ್ನನ್ನು ಮೂರು ಸಲ ಫೇಲು ಮಾಡಿತಾದರೂ ನಾನು ಅದನ್ನು ಒಮ್ಮೆಯೂ ಕೈಬಿಟ್ಟವನಲ್ಲ. ಅದಾದ ಮೇಲೆ ಮೂವತ್ತನಾಲ್ಕು ವರ್ಷ, ಬಾದಾಮಿಗೆ ಹೋಗುವ ಬಸ್ಸು ಎಷ್ಟಕ್ಕೆ ಬಂತು, ಬಾಗಲಕೋಟೆಯ ಬಸ್ಸು ಎಷ್ಟು ತಡವಾಯಿತು ಎಂದು ಬರೆದುಕೊಳ್ಳುವುದೇ ನನ್ನ ನೌಕರಿಯಾಗಿತ್ತು. ಆ ಚಟ ನಿವೃತ್ತಿಯಾಗಲಿಲ್ಲ. ಈಗಲೂ ದಿನಚರಿ ಬರೆಯುತ್ತೇನೆ. ಈ ದಿನಚರಿಯೇ ಮುಂದೆ ನನ್ನ ಮೇಲೆ ಸಾಕ್ಷಿ ಹೇಳಿತು, ಅದಿರಲಿ.

ದೂರು ಇದು. ನನ್ನ ಪತ್ನಿ ಗುರುಸಿದ್ದವ್ವ ತೀರಿಕೊಂಡು ಮೂರು ವರ್ಷವಾಯಿತು. ವರ್ಷದ ಕಾರ್ಯ ಮುಗಿಸಿ, ಅವಳ ಸೀರೆಗಳನ್ನು ಬಳಗದವರಿಗೆ ಹಂಚೋಣವೆಂದು ಟ್ರಂಕು ತೆಗೆದಾಗ, ಎಲ್ಲ ಸೀರೆಗಳ ಅಡಿಯಲ್ಲಿ, ಹಳೆಯ ಖಣದ ಗಂಟೊಂದರಲ್ಲಿ, ತಮ್ಮ ಕಂಪನಿಯ ಏಳು ಟ್ಯೂಬುಗಳು ಸಿಕ್ಕವು. ಏಳೂ ಖಾಲಿ, ಚಪಾತಿ ಹಿಟ್ಟು ಲಟ್ಟಿಸಿದಂತೆ ಕೊನೆಯ ಹನಿಯವರೆಗೂ ಹಿಂಡಿದವು. ಅವುಗಳಿಗೆ ಸುತ್ತಿದ ಕೆಂಪು ನೂಲಿನಲ್ಲಿ ಸಾಲಾಗಿ ಗಂಟುಗಳು, ಎಣಿಸಿದೆ, ಇಪ್ಪತ್ತಾರು. ನಲವತ್ತೊಂದು ವರ್ಷ ಒಂದೇ ಸೂರಿನಡಿ ಇದ್ದವಳು ಒಂದು ದಿನವೂ ಕ್ರೀಮು ಎಂಬ ಮಾತೆತ್ತಿದವಳಲ್ಲ. ಅಂಗಿಯ ಗುಂಡಿಯಷ್ಟು ಸಣ್ಣ ಗುಟ್ಟೂ ಅವಳ ಹತ್ತಿರ ಇದ್ದೀತೆಂದು ನನಗನ್ನಿಸಿರಲಿಲ್ಲ. ಆ ಟ್ಯೂಬುಗಳನ್ನು ಕೈಯಲ್ಲಿ ಹಿಡಿದು ತಲೆ ಎತ್ತಿದೆ. ಎದುರಿಗೆ ತಾವು ನಗುತ್ತಿದ್ದಿರಿ. ಅಂದಿನಿಂದ ತಾವು ನನ್ನ ಆರೋಪಿ. ಜಾಣೆಯಾಗಿದ್ದ ನನ್ನ ಹೆಂಡತಿಯನ್ನು ಮರುಳು ಮಾಡಿ, ಇಳಿವಯಸ್ಸಿನಲ್ಲಿ ಅವಳು ತನ್ನ ಬಣ್ಣಕ್ಕೆ ತಾನೇ ನಾಚುವಂತೆ ಮಾಡಿದಿರೆಂಬುದು ನನ್ನ ಆರೋಪ.

ಈ ಆರೋಪವನ್ನು ಎಲ್ಲಿ ದಾಖಲಿಸಬೇಕೆಂದು ಯೋಚಿಸುತ್ತಿರುವಾಗಲೇ ನನ್ನ ಮಗನ ಮಗಳು ನಾಗರತ್ನಾ, ಬಿ.ಎ. ಎರಡನೆಯ ವರ್ಷದವಳು, ಕಾಲೇಜಿನಿಂದ ಒಂದು ಪ್ರಾಜೆಕ್ಟು ತಂದಳು. ಜಾಹೀರಾತುಗಳಿಂದ ಹೆಣ್ಣುಮಕ್ಕಳ ಮೇಲೆ ಏನು ಪರಿಣಾಮವಾಗುತ್ತದೆ, ಆಗುತ್ತದೆಂದು ಹೇಳುವವರ ಹತ್ತಿರ ಪುರಾವೆ ಏನಿದೆ, ಆ ಪುರಾವೆ ಗಟ್ಟಿಯೋ ಜೊಳ್ಳೋ ಎಂದು ಕೇರಿ ನೋಡಬೇಕಂತೆ. ಕೊಟ್ಟವರು ರೋಹಿಣಿ ಮೇಡಂ ಎಂಬ ಅಧ್ಯಾಪಕಿ. ವಯಸ್ಸು ಮೂವತ್ತು ದಾಟಿಲ್ಲ, ತೂಕ ನಲವತ್ತೈದು ಕೇಜಿ ದಾಟಿಲ್ಲ, ಆದರೆ ಎದುರಿಗಿದ್ದವರ ಮಾತನ್ನು ಅಷ್ಟೇ ಸಣ್ಣ ಜರಡಿಯಲ್ಲಿ ಸೋಸುತ್ತಾರೆ. ಪುರಾವೆ ತಾನೇ, ನಾನೇ ಇದ್ದೇನಲ್ಲ ಎಂದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಏಳು ಟ್ಯೂಬುಗಳನ್ನು ಕೈಚೀಲದಲ್ಲಿಟ್ಟುಕೊಂಡು, ನಲವತ್ತು ಹೆಣ್ಣುಮಕ್ಕಳ ಮುಂದೆ ನಿಂತು ಇಪ್ಪತ್ತು ನಿಮಿಷ ಮಾತಾಡಿದೆ. ಇಬ್ಬರು ಹುಡುಗಿಯರು ಕಣ್ಣೊರೆಸಿಕೊಂಡರು. ನನಗೆ ಗೆದ್ದೆನೆನ್ನಿಸಿತು.

ಆಗ ಮೇಡಂ ಎದ್ದು, “ಸರ ಹೇಳಿದ್ದು ಕೇಳಿ ನನಗೂ ಸಂಕಟಾತು. ಆದ್ರ ಸಂಕಟ ಆಗೂದು ಪುರಾವೆ ಅಲ್ಲ. ಈಗ ಸರಗ ಏನೇನು ಕೇಳಬೇಕೋ ಕೇಳ್ರಿ” ಎಂದರು. ಕೇಳಿದರು, ಮಾನ್ಯರೇ. ಶಿರೂರಿನಿಂದ ಬಸ್ಸಿಗೆ ಬರುವ ಬಸವೇಶ್ವರಿ ಎಂಬ ಹುಡುಗಿ ಎದ್ದು, “ಅಜ್ಜಾರ, ಅಮ್ಮಾರು ಕ್ರೀಮ್ ಹಚ್ಚಿಕೊಳ್ಳೂದು ನೀವು ಕಣ್ಣಾರೆ ನೋಡೀರೇನ್ರಿ?” ಎಂದಳು. ಇಲ್ಲವೆಂದೆ. “ಫ್ಲೆಕ್ಸ್ ನೋಡಿ ತಗೊಂಡ್ನಿ ಅಂತ ಅವರ ಹೇಳಿದ್ರೇನ್ರಿ?” ಇಲ್ಲವೆಂದೆ. “ಮತ್ತ ನಿಮಗ ಹೆಂಗ ಗೊತ್ತಾತ್ರಿ?” ನಲವತ್ತೊಂದು ವರ್ಷ ಸಂಸಾರ ಮಾಡಿದವನಿಗೆ ಹೆಂಡತಿಯ ಮನಸ್ಸು ಗೊತ್ತಾಗುವುದಿಲ್ಲವೇ ಎಂದು ನಾನು ಗುಡುಗಿದ್ದಕ್ಕೆ, ಆ ಹುಡುಗಿ ಅತ್ಯಂತ ಗೌರವದಿಂದ, “ಏಳು ಟ್ಯೂಬ್ ಗೊತ್ತಾಗಿದ್ದಿಲ್ಲಲ್ಲರಿ” ಎಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನ್ನ ಮೊಮ್ಮಗಳು ಎಲ್ಲರಿಗಿಂತ ಒಂದು ನಿಮಿಷ ಹೆಚ್ಚು ನಕ್ಕಳು.

ಸೋತು ಸುಮ್ಮನೆ ಕೂರುವ ಜಾತಿಯವನಲ್ಲ ನಾನು. ಬಜಾರಿನಲ್ಲಿ ಕ್ರೀಮು ಬಳೆ ಮಾರುವ ನವೀದನ ಅಂಗಡಿಗೆ ಹೋಗಿ, ತಮ್ಮ ಫ್ಲೆಕ್ಸು ಏರಿದ ತಿಂಗಳು ತಮ್ಮ ಕ್ರೀಮು ಹಿಂದಿನ ತಿಂಗಳಿಗಿಂತ ಎರಡು ಪಟ್ಟು ಖರ್ಚಾಗಿದೆಯೆಂಬ ಮಾಹಿತಿ ತಂದೆ. ಮನೆಯಲ್ಲಿ ಹೇಳಿದರೆ ನಾಗರತ್ನಾ ನಂಬದೆ ತಾನೇ ಹೋಗಿ ಕೇಳಿದಳು. ನವೀದ ಅವಳಿಗೆ, “ಅದು ಮದವಿ ಸೀಜನ್ ಇತ್ತವಾ. ಕ್ರೀಮೂ ಡಬಲ್, ಬಳೀನೂ ಡಬಲ್, ದಾಡಿ ಬ್ಲೇಡೂ ಡಬಲ್. ಕಾಕಾ ಬರೇ ಕ್ರೀಮ್ ಕೇಳಿದ್ರು, ಬರೇ ಕ್ರೀಮ್ ಹೇಳಿದ್ನಿ” ಎಂದನಂತೆ. ಹಾಗಾದರೆ ತಮ್ಮನ್ನು ನೋಡಿ ಊರ ಗಂಡಸರಿಗೆಲ್ಲ ಗಡ್ಡ ಬೆಳೆಯಿತೆಂದೂ ಬರೆಯಬೇಕಾಗುತ್ತದೆಂದು ಮೊಮ್ಮಗಳು ನನಗೆ ತಿಳಿಸಿದಳು. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಮಾತಿದೆ, ‘ಕೋರಿಲೇಶನ್ ಈಸ್ ನಾಟ್ ರಿಲೇಶನ್’ ಎಂದೋ ಏನೋ. ಒಂದೇ ಚಪ್ಪರದಡಿ ಊಟ ಮಾಡಿದವರೆಲ್ಲ ಬೀಗರಲ್ಲ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಆದರೆ ತಾವು ನಗಬೇಡಿ. ಆ ಹುಡುಗಿಯರು ಬರೀ ನನ್ನನ್ನು ಸೋಸಿ ಬಿಡಲಿಲ್ಲ. ಮರುವಾರ ಫ್ಲೆಕ್ಸು ಕಟ್ಟುವ ಚಂದಪ್ಪನಿಂದ ಏಣಿ ಇಸಿದುಕೊಂಡು ಬಂದು ತಮ್ಮ ಸನ್ನಿಧಿಗೇ ಏರಿದರು. ಈ ಊರಿನ ಇತಿಹಾಸದಲ್ಲಿ ತಮ್ಮನ್ನು ಅಷ್ಟು ಹತ್ತಿರದಿಂದ ಮಾತಾಡಿಸಿದವರು ಅವರೇ ಮೊದಲಿಗರು. ತಮ್ಮ ಫಲಕದ ಎಡಗಡೆ ‘ಮೊದಲು’ ಎಂಬ ಬರಹದ ಕೆಳಗೆ ಕಪ್ಪು ಬಣ್ಣದ ಒಬ್ಬ ಹೆಣ್ಣುಮಗಳಿದ್ದಾಳೆ. ಬಲಗಡೆ ‘ಆರು ವಾರಗಳ ನಂತರ’ ಎಂಬಲ್ಲಿ ಕೆನೆಹಾಲಿನ ಬಣ್ಣದ ತಾವಿದ್ದೀರಿ. ಇಬ್ಬರ ಹಣೆಯ ಮೇಲೂ ಒಂದೇ ಎಳೆ ಕೂದಲು, ಒಂದೇ ಕಡೆ, ಒಂದೇ ಬಾಗಿನಲ್ಲಿ ಬಿದ್ದಿರುವುದನ್ನೂ, ಇಬ್ಬರ ಮೂಗುತಿಯ ಮೇಲೂ ಬೆಳಕಿನ ಅದೇ ಚುಕ್ಕೆ ಅದೇ ಜಾಗದಲ್ಲಿ ಮಿನುಗುವುದನ್ನೂ ನಾಗರತ್ನಾ ಮೊಬೈಲಿನಲ್ಲಿ ಹಿಗ್ಗಿಸಿ ತೋರಿಸಿದಳು. ಆರು ವಾರ ಕೂದಲೆಳೆಯೂ ಅಲುಗದಂತೆ ಕುಳಿತ ತಮ್ಮ ತಪಸ್ಸಿಗೆ ನಾನು ತಲೆಬಾಗಿದ್ದೇನೆ. ಋಷಿಮುನಿಗಳ ತಲೆಯ ಮೇಲೆ ಹುತ್ತ ಬೆಳೆದದ್ದನ್ನು ಕೇಳಿದ್ದೆ, ಋಷಿಯೇ ಹುತ್ತದೊಳಗಿನಿಂದ ಬೆಳ್ಳಗಾಗಿ ಬಂದದ್ದನ್ನು ಇದೇ ಮೊದಲು ಕಂಡೆ.

ಇನ್ನು ‘ಹತ್ತರಲ್ಲಿ ಒಂಬತ್ತು ಮಹಿಳೆಯರು ಒಪ್ಪಿದ್ದಾರೆ’ ಎಂಬ ತಮ್ಮ ಘೋಷಣೆ. ಅದರ ಪಕ್ಕ ಒಂದು ನಕ್ಷತ್ರ, ಆ ನಕ್ಷತ್ರದ ಜೋಡಿ ಫಲಕದ ಬುಡದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ: ಕ್ರೀಮನ್ನು ಪುಕ್ಕಟೆ ಪಡೆದ ಮೂವತ್ತೆಂಟು ಮಹಿಳೆಯರ ಅಭಿಪ್ರಾಯ, ಚಿತ್ರ ಸಾಂಕೇತಿಕ. ಬಸವೇಶ್ವರಿ ಏಣಿಯ ಮೇಲೆಯೇ ಗುಣಿಸಿ, ಮೂವತ್ತೆಂಟರ ಹತ್ತರಲ್ಲಿ ಒಂಬತ್ತು ಪಾಲೆಂದರೆ ಮೂವತ್ತನಾಲ್ಕು ಹೆಣ್ಣುಮಕ್ಕಳು ಮತ್ತು ಇನ್ನೊಬ್ಬಳ ಐದರಲ್ಲಿ ಒಂದು ಭಾಗ ಎಂದು ಕೂಗಿ ಹೇಳಿದಳು. ಆ ಐದರಲ್ಲಿ ಒಂದು ಭಾಗದ ಮಹಿಳೆ ಯಾರು, ಅವರ ಯಾವ ಭಾಗ ಒಪ್ಪಿತು, ಉಳಿದ ನಾಲ್ಕು ಭಾಗ ಯಾಕೆ ಮುನಿಸಿಕೊಂಡಿತು ಎಂದು ತಾವು ತಿಳಿಸಿದರೆ ಉಪಕಾರವಾಗುತ್ತದೆ. ನಮ್ಮ ಅಮೀನಗಡದ ಕರದಂಟಿನ ಅಂಗಡಿಯವರು ಹತ್ತರಲ್ಲಿ ಒಂಬತ್ತು ಎನ್ನುವುದಿಲ್ಲ; ಒಂದು ತುಣುಕು ಕೈಗಿಟ್ಟು, ತಿನ್ನುವವನ ಮೋರೆ ನೋಡುತ್ತ ನಿಲ್ಲುತ್ತಾರೆ. ಪುರಾವೆ ಎಂದರೆ ಅದು.

ಅಲ್ಲಿಗೆ ತಮ್ಮ ಕಥೆ ಮುಗಿಯಿತೆಂದು ನಾನು ಹಿಗ್ಗಿದರೆ, ರೋಹಿಣಿ ಮೇಡಂ ಮತ್ತೆ ಅಡ್ಡ ಬಂದರು. ಕ್ರೀಮಿನಿಂದ ಬೆಳ್ಳಗಾಗುತ್ತಾರೆಂದು ಹೇಳುವವರ ಹತ್ತಿರ ಪುರಾವೆ ಇಲ್ಲವೆಂದ ಮಾತ್ರಕ್ಕೆ, ಜಾಹೀರಾತಿನಿಂದ ಹೆಣ್ಣುಮಕ್ಕಳು ಕುಗ್ಗುತ್ತಾರೆಂದು ಹೇಳುವವರ ಹತ್ತಿರ ಪುರಾವೆ ಇದೆಯೆಂದಾಗುವುದಿಲ್ಲವಂತೆ. ಅದನ್ನು ಬೇರೆಯೇ ತೂಗಬೇಕಂತೆ. ನಲವತ್ತು ಹುಡುಗಿಯರಿಗೆ ಚೀಟಿ ಎತ್ತಿಸಿ ಎರಡು ಪಾಲು ಮಾಡಿದರು. ಒಂದು ಪಾಲಿಗೆ ತಮ್ಮಂಥವರ ಮುಖಗಳಿರುವ ಜಾಹೀರಾತುಗಳು, ಇನ್ನೊಂದು ಪಾಲಿಗೆ ಪಂಪ್‌ಸೆಟ್ಟು ಮತ್ತು ಹತ್ತಿಬೀಜದ ಜಾಹೀರಾತುಗಳು. ನೋಡಿದ ಮೇಲೆ ತಂತಮ್ಮ ಮುಖಕ್ಕೆ ಹೆಸರು ಬರೆಯದೆ ಹತ್ತಕ್ಕೆ ಎಷ್ಟು ಅಂಕವೆಂದು ಬರೆಯಬೇಕು. ಒಬ್ಬಳು ಮಾತ್ರ, “ನನ್ನ ಮಾರಿಗೆ ನಾ ಮಾರ್ಕ್ಸ್ ಕೊಡಂಗಿಲ್ಲರಿ, ಅದೇನ ದನದ ಸಂತ್ಯಾಗಿನ ಎಮ್ಮೀ ಏನ್ರಿ” ಎಂದು ಖಾಲಿ ಹಾಳೆ ಕೊಟ್ಟಳಂತೆ. ಆ ಖಾಲಿ ಹಾಳೆಯನ್ನೂ ಮೇಡಂ ಜೋಪಾನವಾಗಿ ಎಣಿಕೆಯಲ್ಲಿ ಬರೆದುಕೊಂಡರು. ತಮ್ಮನ್ನು ನೋಡಿದವರು ಪಂಪ್‌ಸೆಟ್ಟು ನೋಡಿದವರಿಗಿಂತ ತಮಗೆ ತಾವೇ ಅರ್ಧ ಅಂಕ ಕಡಿಮೆ ಕೊಟ್ಟುಕೊಂಡಿದ್ದರು. “ಆತಲ್ಲರಿ!” ಎಂದು ನಾನು ಮೇಜು ಗುದ್ದಿದೆ. “ನಲವತ್ತ ಮಂದಿ ಅಂದ್ರ ಭಾಳ ಕಡಿಮಿ ಸರ. ಚೀಟಿ ಬ್ಯಾರೆ ಥರ ಬಿದ್ದಿದ್ರ ಉಲ್ಟಾನೂ ಆಗಬಹುದಿತ್ತು. ಹೆಚ್ಚು ಮಂದಿ ಕೂಡ, ಹೆಚ್ಚು ಸಲ ಮಾಡಿ ನೋಡಬೇಕು” ಎಂದರು. ಹಾಗಾದರೆ ಪರಿಣಾಮ ಇದೆಯೋ ಇಲ್ಲವೋ, ಒಂದು ಹೇಳಿ ಮುಗಿಸಿ ಎಂದೆ. “ಇನ್ನೂ ಗೊತ್ತಿಲ್ಲ ಅನ್ನೂದೂ ಉತ್ತರಾನ ಸರ” ಎಂದರು. ಮೂವತ್ತನಾಲ್ಕು ವರ್ಷ ಬಸ್ಸು ಯಾವಾಗ ಬರುತ್ತದೆಂದು ಕೇಳಿದವರಿಗೆಲ್ಲ ನಾನು ಇದೇ ಉತ್ತರ ಕೊಟ್ಟು ಬೈಸಿಕೊಂಡಿದ್ದೆ. ಅದಕ್ಕೆ ಶಿಕ್ಷಣವೆಂದು ಹೆಸರಿರುವುದು ಗೊತ್ತಿರಲಿಲ್ಲ.

ಇಷ್ಟಾದರೂ ನನಗೆ ಬೇಕಾದದ್ದು ಒಂದೇ ಆಗಿತ್ತು. ನಲವತ್ತು ಮಂದಿಯ ಕಥೆ ಏನಾದರಾಗಲಿ, ಗುರುಸಿದ್ದವ್ವನ ಏಳು ಟ್ಯೂಬಿಗೆ ತಾವೇ ಕಾರಣವೆಂದು ಮೊಮ್ಮಗಳು ಆ ಪ್ರಾಜೆಕ್ಟಿನಲ್ಲಿ ಒಂದು ಸಾಲು ಬರೆಯಬೇಕು. ಸತ್ತವಳ ಪರವಾಗಿ ಒಬ್ಬರಾದರೂ ತಪ್ಪಿತಸ್ಥರು ಬೇಡವೇ? ನಾಗರತ್ನಾ ಟ್ಯೂಬುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಾಲದಲ್ಲಿ ಒತ್ತಿದ್ದ ಅಂಕಿಗಳನ್ನು ಓದಿ, ನನ್ನ ದಿನಚರಿಗಳ ಗುಡ್ಡೆಯಿಂದ ಒಂದನ್ನು ತೆಗೆದು ಪುಟ ತಿರುವಿದಳು. ಟ್ಯೂಬುಗಳು ತಯಾರಾದದ್ದು ಎರಡು ಸಾವಿರದ ಹದಿನೈದರಲ್ಲಿ. ‘ಎದುರಿಗೆ ಹೊಸ ಫಲಕ, ಹೆಂಗಸಿನ ಚಿತ್ರ, ಪಡಸಾಲೆಗೆ ಗಾಳಿ ಅಡ್ಡ’ ಎಂದು ನನ್ನದೇ ಅಕ್ಷರದಲ್ಲಿ ಬರೆದದ್ದು ಎರಡು ಸಾವಿರದ ಹತ್ತೊಂಬತ್ತರಲ್ಲಿ. “ಅಜ್ಜಾ, ನಾಕ ವರ್ಷ ತಡಾ ಬಂದ ಬಸ್ಸು, ಮೊದಲ ಹೋದ ಮಂದೀನ ಹೆಂಗ ಹತ್ತಿಸಿಕೊಂಡು ಹೋಗತದ?” ಎಂದಳು. ವೇಳೆಯನ್ನೇ ಅನ್ನ ಮಾಡಿಕೊಂಡು ಬದುಕಿದ ಕಂಟ್ರೋಲರನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. ಟೀವಿಯಲ್ಲಿ ಆಗ ತಮ್ಮ ಅಕ್ಕತಂಗಿಯರು ಬರುತ್ತಿದ್ದರಲ್ಲ ಎಂದು ತೊದಲಿದೆ. “ಅದು ಬ್ಯಾರೆ ಆರೋಪ. ಅದಕ್ಕ ಬ್ಯಾರೆ ಪುರಾವೆ ತಾ” ಎಂದಳು.

ತರಲು ಹೋದವನು ದುರ್ಗವ್ವನ ಮನೆಗೆ ಹೋದೆ. ದುರ್ಗವ್ವ ಹಿಂದಿನ ಓಣಿಯಲ್ಲಿ ಈಗಲೂ ಕುಣಿಮಗ್ಗದಲ್ಲಿ ಸೀರೆ ನೇಯುವವಳು, ನನ್ನ ಹೆಂಡತಿಗೆ ಒಡಹುಟ್ಟಿದವಳಿಗಿಂತ ಹೆಚ್ಚು, ನನ್ನನ್ನು ಮಾಮಾ ಎಂದೇ ಕರೆಯುವವಳು. ನಾಗರತ್ನಾ ನೋಟುಬುಕ್ಕು ಹಿಡಿದು ಬೆನ್ನಿಗೇ ಬಂದಳು. ಟ್ಯೂಬುಗಳನ್ನೂ ಗಂಟಿನ ನೂಲನ್ನೂ ನೋಡಿದ ದುರ್ಗವ್ವ ಲಾಳಿ ಬದಿಗಿಟ್ಟು ನಗತೊಡಗಿದಳು. “ಅಯ್ಯ ಮಾಮಾರ, ಇದಕ್ಕ ಎರಡು ವರ್ಷ ಆ ಫ್ಲೆಕ್ಸಿನ ಹೆಣಮಗಳ್ನ ಬೈಕೊಂತ ಕುಂತೀರಿ? ಅಕ್ಕ ಇದನ್ನ ಮಾರಿಗೆ ಒಂದ ದಿನಾನೂ ಹಚ್ಚಿಲ್ಲ. ಎಡಗೈಗಷ್ಟ ಹಚ್ಚಿಕೋತಿದ್ಲು. ಮೊಣಕೈತನಾ.”

ಗುರುಸಿದ್ದವ್ವ ಬಣ್ಣಗಾರರ ಮನೆಯ ಮಗಳು, ಮಾನ್ಯರೇ. ನೂಲಿಗೆ ಬಣ್ಣ ಹಾಕುವವರ ಮನೆಯಲ್ಲಿ ಹೊಸ ಬಣ್ಣ ಬಂದರೆ ಇಡೀ ಲಡಿಯನ್ನು, ಅಂದರೆ ನೂಲಿನ ಸುರುಳಿಯನ್ನು, ಅದ್ದುವುದಿಲ್ಲ. ಒಂದೇ ಲಡಿಯ ಅರ್ಧ ಅದ್ದಿ, ಅರ್ಧ ಹಾಗೆಯೇ ಬಿಟ್ಟು, ಎರಡನ್ನೂ ಒಂದೇ ನೀರಿನಲ್ಲಿ ಒಗೆದು, ಒಂದೇ ಬಿಸಿಲಿಗೆ ಒಣಗಿಸಿ, ಪಕ್ಕಪಕ್ಕ ಹಿಡಿದು ನೋಡಿದರೆ ಮಾತ್ರ ಬಣ್ಣ ಮಾತಾಡುತ್ತದೆ. ತಮ್ಮ ಕ್ರೀಮಿಗೂ ಅವಳು ಅದೇ ಮರ್ಯಾದೆ ಮಾಡಿದ್ದಳು. ವಾರಕ್ಕೊಂದು ಗಂಟು, ಡಬ್ಬಿಯ ಮೇಲೆ ಆರು ವಾರವೆಂದಿದ್ದರೂ, ಪಾಪ ಇನ್ನಷ್ಟು ದಿನ ಬೇಕೇನೋ ಎಂದು ತಮ್ಮ ಕಂಪನಿಗೆ ಆರು ತಿಂಗಳು ಔದಾರ್ಯ ತೋರಿಸಿದ್ದಳು. ಇಪ್ಪತ್ತಾರನೆಯ ಗಂಟು ಹಾಕಿದ ದಿನ ಓಣಿಯ ಹೆಣ್ಣುಮಕ್ಕಳನ್ನೆಲ್ಲ ದುರ್ಗವ್ವನ ಅಂಗಳದಲ್ಲಿ ಕೂಡಿಸಿ, ಎರಡೂ ಕೈ ಚಾಚಿ, “ಯಾವ ಕೈಗೆ ಹಚ್ಚೇನಿ ಹೇಳ್ರಿ ನೋಡೂಣು” ಎಂದಳಂತೆ. ಹದಿನಾಲ್ಕು ಮಂದಿಯಲ್ಲಿ ಏಳು ಮಂದಿ ಎಡ ಎಂದರು, ಏಳು ಮಂದಿ ಬಲ ಎಂದರು. ಆ ದಿನದಿಂದ ನಮ್ಮ ಓಣಿಯಲ್ಲಿ ತಮ್ಮ ಕ್ರೀಮು ಕೊಂಡವರಿಲ್ಲ. ನಾಗರತ್ನಾ ಬರೆದುಕೊಂಡ ಸಾಲಿನ ಕೆಳಗೆ ಎರಡೆರಡು ಗೆರೆ ಎಳೆದಳು. “ಹೋಲಿಸಾಕ ಇನ್ನೊಂದು ಕೈ... ಯಾವ ಕೈ ಅಂತ ಹೇಳದ ಕೇಳೂದು... ಅಜ್ಜಾ, ಮೇಡಂ ನಮಗ ಇದನ್ನ ಒಂದು ಸೆಮಿಸ್ಟರ್ ಕಲಿಸ್ಯಾರ!” ಎಂದಳು.

ನನ್ನ ಎದೆ ಬಸವನ ಹಾಗೆ ಉಬ್ಬಿತು. ನನ್ನ ಹೆಂಡತಿ ಮರುಳಾಗಿರಲಿಲ್ಲ. ಆದರೆ ಹಾಳು ಬಾಯಿ ನೋಡಿ, ಕ್ಲಾಸಿನಲ್ಲಿ ಕುಳಿತು ಕೆಟ್ಟದ್ದು, ಇನ್ನೊಂದು ಪ್ರಶ್ನೆ ಕೇಳಿಬಿಟ್ಟಿತು: ಫ್ಲೆಕ್ಸು ಕಾರಣವಲ್ಲದಿದ್ದರೆ ಅವಳು ಇದನ್ನು ಪರೀಕ್ಷೆ ಮಾಡಹೋದದ್ದಾದರೂ ಯಾಕೆ? ದುರ್ಗವ್ವ ನಗು ನಿಲ್ಲಿಸಿ ನೂಲು ಸರಿಮಾಡತೊಡಗಿದಳು. “ಹೋಗ್ಲಿ ಬಿಡ್ರಿ ಮಾಮಾರ” ಎಂದಳು. ಮೊಮ್ಮಗಳು ಬಿಡಲಿಲ್ಲ. ಆಗ ಹೇಳಿದಳು: “ನಿಮ್ಮ ಪಡಸಾಲ್ಯಾಗ ಮದವಿ ಫೋಟೋ ಐತೆಲ್ಲ, ಅದರ ಸಲುವಾಗಿ. ಅಕ್ಕ ಯಾವಾಗ್ಲೂ ನಗಿಚಾಟಿಗಿ ಮಾಡ್ತಿದ್ಲು. ‘ನನಗೊಬ್ಬಾಕಿ ಸವತಿ ಅದಾಳ ದುರ್ಗಿ, ಗ್ವಾಡಿಗೆ ನೇತಾಡ್ತಾಳ. ಮಾರಿ ಆಕೀದು, ಕೈ ನಂದು. ಆಕಿ ಏನ್ ಹಚ್ಚಿಕೊಂಡಾಳೋ, ಅದು ಖರೇನ ಹತ್ತತದೋ ಇಲ್ಲೋ, ಒಮ್ಮಿ ನೋಡೇ ಬಿಡ್ತೇನಿ’ ಅಂದಿದ್ಲು.”

ಮಾನ್ಯರೇ, ಮನೆಗೆ ಬಂದು ಆ ಫೋಟೋವನ್ನು ಗೋಡೆಯಿಂದ ಇಳಿಸಿದೆವು. ನಲವತ್ತನಾಲ್ಕು ವರ್ಷದ ಹಿಂದೆ ಹಳೆಯ ಬಾಗಲಕೋಟೆಯ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಆಗಿನ ಕಪ್ಪುಬಿಳುಪು ಫೋಟೋಕ್ಕೆ ಕುಂಚದಿಂದ ಬಣ್ಣ ತುಂಬುವವನೊಬ್ಬ ಅಲ್ಲಿದ್ದ. ಮದುಮಗಳನ್ನು ಎದುರಿಗೆ ಕೂರಿಸಿಕೊಂಡು, ನೋಡಿ ನೋಡಿ, ಮೊದಲು ಕೈಗಳಿಗೆ ಬಣ್ಣ ತುಂಬಿದ. ಮುಖಕ್ಕೆ ಬರುವಾಗ ನನ್ನನ್ನು ಹೊರಗೆ ಕರೆದು, “ಮಾರಿಗೆ ಎರಡ ಕೋಟ್ ಹೆಚ್ಚಿಗಿ ಎಳೀಲ್ಯಾ?” ಎಂದು ಕೇಳಿದ. ‘ಬ್ಯೂಟಿ ಈಸ್ ಸ್ಕಿನ್ ಡೀಪ್’ ಎಂದು ಕಾಲೇಜಿನಲ್ಲಿ ಕಲಿತಿದ್ದೆ. ಹಾಗಾದರೆ ಸ್ಕಿನ್ನಿಗೇ ಹಚ್ಚಲಿ ಎಂದು ಅರ್ಥಮಾಡಿಕೊಂಡಿದ್ದೆನೋ ಏನೋ, ಎಳಿಯಪ್ಪಾ ಎಂದೆ. ಕೈಯನ್ನು ಯಾರು ನೋಡುತ್ತಾರೆಂದು ಅದನ್ನು ಹಾಗೆಯೇ ಬಿಟ್ಟೆವು. ಬಾಗಿಲ ಆಚೆ ಮಾತಾಡಿದ್ದು ಒಳಗೆ ಕೇಳಿಸಿರಲಾರದೆಂದು ನಾನು ಇಂದಿನವರೆಗೂ ತಿಳಿದಿದ್ದೆ. ನಾಗರತ್ನಾ ಗಾಜು ಒರೆಸಿ ಬಹಳ ಹೊತ್ತು ನೋಡಿ, ತಮ್ಮ ಫಲಕವನ್ನು ನೋಡಿದಾಗಿನ ಅದೇ ದನಿಯಲ್ಲಿ, “ಅಜ್ಜಾ, ಮಾರಿ ಬ್ಯಾರೆ, ಕೈ ಬ್ಯಾರೆ” ಎಂದಳು. ಅಂದರೆ ‘ಮೊದಲು’ ಮತ್ತು ‘ನಂತರ’ ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸುವ ವಿದ್ಯೆಯಲ್ಲಿ ನಾನು ತಮ್ಮ ಫಲಕಕ್ಕಿಂತ ಮೂವತ್ತೆಂಟು ವರ್ಷ ಹಿರಿಯ. ತಮ್ಮವರಿಗೆ ಆರು ವಾರ ಬೇಕಾಗಿತ್ತು. ನನಗೆ ಒಂದು ಮಾತು ಸಾಕಾಯಿತು.

ಅವಳ ನಿಜವಾದ ಮುಖವಿರುವ ಬೇರೆ ಫೋಟೋ ಹುಡುಕಿದೆವು. ಆ ಸ್ಟುಡಿಯೋ, ಫೋಟೋದ ಮೂಲ ಪ್ರತಿಯ ಸಮೇತ, ಹಳೆಯ ಊರಿನ ಜೊತೆಗೇ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಗಿದೆ. ಮತದಾರರ ಚೀಟಿಯಲ್ಲಿ ಅವಳೂ ನಾನೂ ಇದ್ದಲಿನ ಎರಡು ತುಂಡಿನಂತಿದ್ದೇವೆ. ಮಗನ ಮೊಬೈಲಿನಲ್ಲಿ ನೂರಾರು ಇವೆ, ಆದರೆ ಆ ಮೊಬೈಲು ಯಾರೂ ಹೇಳದೆಯೇ ಎಲ್ಲರ ಮುಖಕ್ಕೆ ತಾನಾಗಿ ಸುಣ್ಣ ಬಳಿಯುವ ಜಾತಿಯದೆಂದು ನಾಗರತ್ನಾ ಪತ್ತೆಹಚ್ಚಿದಳು. ಕಣ್ಣು ಮುಚ್ಚಿ ನೆನೆಸಿಕೊಳ್ಳೋಣವೆಂದರೆ ಗೋಡೆಯ ಮೇಲಿನ ಸವತಿಯೇ ಬಂದು ನಿಲ್ಲುತ್ತಾಳೆ. ನಲವತ್ತೊಂದು ವರ್ಷ ದಿನಾ ನೋಡಿದ ಮುಖದ ಬಣ್ಣ, ಮಾನ್ಯರೇ, ನನಗೆ ನೆನಪಿಲ್ಲ. ಬಸ್ಸುಗಳ ನಂಬರುಗಳು ನೆನಪಿವೆ.

ಕೊನೆಗೆ ಫೋಟೋವನ್ನು ಬಗಲಲ್ಲಿಟ್ಟುಕೊಂಡು ಮತ್ತೆ ದುರ್ಗವ್ವನ ಹತ್ತಿರವೇ ಹೋಗಿ, ನಾಚಿಕೆ ಬಿಟ್ಟು ಕೇಳಿದೆ. ನಾಗರತ್ನಾ ನನ್ನ ಕೈಯಿಂದ ಫೋಟೋ ಕಸಿದುಕೊಂಡು ಬೆನ್ನ ಹಿಂದೆ ಹಿಡಿದಳು. ಸಾಕ್ಷಿಗೆ ಮೊದಲೇ ತೋರಿಸಬಾರದಂತೆ. ನೇಯುವವರು ಒಮ್ಮೆ ಕಂಡ ಬಣ್ಣವನ್ನು ಮರೆಯುವುದಿಲ್ಲ; ಹತ್ತು ವರ್ಷದ ಹಿಂದಿನ ಸೀರೆಗೆ ಜೋಡಿ ಕೇಳಿದರೂ ನೆನಪಿನಿಂದಲೇ ನೂಲು ತೆಗೆಯುತ್ತಾರೆ. ದುರ್ಗವ್ವ ನೂಲಿನ ಪೆಟ್ಟಿಗೆಯಲ್ಲಿ ಕೈಯಾಡಿಸಿ, ಒಂದು ಲಡಿ ತೆಗೆದು, ಬೇಡವೆಂದು ಇಟ್ಟು, ಇನ್ನೊಂದನ್ನು ತೆಗೆದು ಬಾಗಿಲ ಬಿಸಿಲಿಗೆ ಹಿಡಿದು, “ಇದು ನೋಡ್ರಿ ನಮ್ಮಕ್ಕ” ಎಂದಳು. ಆಗಷ್ಟೇ ಅಚ್ಚಿನಿಂದ ತೆಗೆದ ಹೊಸ ಬೆಲ್ಲದ ಬಣ್ಣ. ನಾಗರತ್ನಾ ಫೋಟೋ ತಂದು ಆ ಲಡಿಯನ್ನು ಕೈಗಳ ಪಕ್ಕ ಇಟ್ಟಳು. ಎಲ್ಲಿ ಕೈ ಮುಗಿದು ಎಲ್ಲಿ ನೂಲು ಶುರುವಾಯಿತೆಂದು ನನ್ನ ಕನ್ನಡಕಕ್ಕೆ ತಿಳಿಯಲಿಲ್ಲ. ಪ್ರಾಜೆಕ್ಟಿನಲ್ಲಿ ಅವಳು ಹೀಗೆ ಬರೆದಿದ್ದಾಳೆ: ‘ಒಬ್ಬರನ್ನೊಬ್ಬರು ಕಾಣದ ಇಬ್ಬರು ಸಾಕ್ಷಿಗಳು, ಬಣ್ಣ ತುಂಬುವವನು ಮತ್ತು ನೇಕಾರ್ತಿ, ಒಂದೇ ಬಣ್ಣ ಹೇಳಿದ್ದಾರೆ. ಹಳೆಯ ಫೋಟೋ ಮಾಸಿರುವ ಸಾಧ್ಯತೆ ಇದೆ. ಅಜ್ಜನ ಹೇಳಿಕೆಯನ್ನು ಪುರಾವೆಯಾಗಿ ಪರಿಗಣಿಸಿಲ್ಲ.’ ರೋಹಿಣಿ ಮೇಡಂ ಇದಕ್ಕೆ ಇಪ್ಪತ್ತೈದಕ್ಕೆ ಇಪ್ಪತ್ಮೂರು ಕೊಟ್ಟಿದ್ದಾರೆ. ಉಳಿದ ಎರಡಂಕ ನನ್ನ ತಲೆಯ ಮೇಲಿವೆಯೆಂದು ಭಾವಿಸಿದ್ದೇನೆ.

ಆದ್ದರಿಂದ, ಆರೋಪವನ್ನು ಹಿಂತೆಗೆದುಕೊಳ್ಳುವ ಮೊದಲು ತಮ್ಮಲ್ಲಿ ಕೆಲವು ನಮ್ರ ಕೋರಿಕೆಗಳು. ತಮ್ಮ ಕಂಪನಿಯವರು ಒಮ್ಮೆ ಬಾದಾಮಿಗೆ ಹೋಗಿ, ಗುಹೆಗಳಲ್ಲಿ ಸಾವಿರದ ನಾನೂರು ವರ್ಷದಿಂದ ಕೆಂಪು ಕಲ್ಲಿನ ಬಣ್ಣದಲ್ಲಿಯೇ ಯಾರ ಗೊಡವೆಯೂ ಇಲ್ಲದೆ ನಿಂತಿರುವ ಹೆಣ್ಣುಮಕ್ಕಳಲ್ಲಿ ಒಬ್ಬಳ ಎಡಗೈಗೆ ಮಾತ್ರ ಕ್ರೀಮು ಹಚ್ಚಿ, ವಾರಕ್ಕೊಂದು ಗಂಟು ಹಾಕುತ್ತ, ಪುರಾತತ್ವ ಇಲಾಖೆಯವರು ಕೈಗೆ ಕೋಳ ಹಾಕುವವರೆಗೂ ಕಾಯುವ ಕೃಪೆ ಮಾಡಬೇಕು. ತಾವು ಸ್ವತಃ ಆ ಒಂದು ಎಳೆ ಕೂದಲನ್ನು ಒಮ್ಮೆ ಕಿವಿಯ ಹಿಂದೆ ಸರಿಸಿಕೊಳ್ಳಬೇಕು. ಆರು ವರ್ಷದಿಂದ ನೋಡಿ ನೋಡಿ ನನ್ನ ಹಣೆ ತುರಿಸುತ್ತಿದೆ. ಮತ್ತು ತಮ್ಮ ಎಡಗಡೆ ‘ಮೊದಲು’ ಎಂಬ ಹಣೆಪಟ್ಟಿ ಹೊತ್ತು ಮುಖ ಬಾಡಿಸಿಕೊಂಡು ನಿಂತ ಆ ಹೆಣ್ಣುಮಗಳಿಗೆ, ಇಷ್ಟು ವರ್ಷ ನಾನೂ ಅವಳತ್ತ ನೋಡಲಿಲ್ಲವೆಂದೂ ಅದು ತಪ್ಪೆಂದೂ ತಿಳಿಸಬೇಕು. ಅವಳು ಯಾವಾಗ ಬೇಕಾದರೂ ಇಳಿದು ರಸ್ತೆ ದಾಟಿ ನಮ್ಮ ಮನೆಗೆ ಚಹಾಕ್ಕೆ ಬರಬಹುದು. ‘ನಂತರ’ದವರು ಬರುವುದಾದರೆ ಪುರಾವೆ ಸಮೇತ ಬರಬೇಕು.

ಗುರುಸಿದ್ದವ್ವನ ಫೋಟೋ ಮತ್ತೆ ಗೋಡೆಗೆ ಏರಿದೆ. ಮುಖದ ಮೇಲಿನ ಎರಡು ಕೋಟು ಕೆರೆಯಹೋದರೆ ಮುಖವೇ ಹೋಗುತ್ತದೆಂದು ಈಗಿನ ನಮ್ಮೂರ ಸ್ಟುಡಿಯೋದವರು ಹೇಳಿದ್ದರಿಂದ ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಅದು ನಾನು ಹೇಳಿ ಮಾಡಿಸಿದ ಮುಖ, ಇರಲಿ. ಗಂಧದ ಹಾರವನ್ನು ಮಾತ್ರ ತೆಗೆದು, ದುರ್ಗವ್ವ ಕೊಟ್ಟ ಲಡಿಯನ್ನು ಆ ಜಾಗಕ್ಕೆ ಹಾಕಿದ್ದೇನೆ. ಮುಂಜಾನೆ ಬಿಸಿಲು ಪಡಸಾಲೆಗೆ ಬಂದಾಗ ನಾನು ಚಹಾ ಹಿಡಿದು, ಮೊದಲು ನೂಲನ್ನೂ ಆಮೇಲೆ ಕೈಗಳನ್ನೂ ನೋಡುತ್ತೇನೆ. ಅಷ್ಟು ಹೊತ್ತು ತಮಗೆ ಬೆನ್ನು ತಿರುಗಿಸಿ ಕೂರಬೇಕಾಗುತ್ತದೆ. ಅಗೌರವವೆಂದು ಭಾವಿಸಬಾರದು.

ಇಂತು, ಅರ್ಧ ಆರೋಪ ಹಿಂತೆಗೆದುಕೊಂಡ
ತಮ್ಮ ವಿಶ್ವಾಸಿ,
ಅಂದಪ್ಪ
ನಿವೃತ್ತ ಕಂಟ್ರೋಲರ್, ಎದುರುಮನೆ, ಇಳಕಲ್ಲ

ಮರೆತ ಮಾತು: ಈ ವರ್ಷದ ಕರಾರು ಮುಗಿದು ತಮ್ಮನ್ನು ಇಳಿಸಿದ ಮೇಲೆ, ಆ ಫ್ಲೆಕ್ಸನ್ನು ಮೇವಿನ ಬಣವೆಗೆ ಹೊದಿಸಲು ಚಂದಪ್ಪ ಈಗಾಗಲೇ ಮಾತಾಡಿಕೊಂಡಿದ್ದಾನೆ. ಮುಖ ಒಳಗೆ ಮಾಡಿ ಹೊದಿಸುತ್ತಾನಂತೆ. ಹೋದ ವರ್ಷ, ಬಿಸಿಲಿಗೆ ಮಾಸಿತೆಂದು ಬದಲಾಯಿಸಿದ ತಮ್ಮ ಹಳೆಯ ಫ್ಲೆಕ್ಸನ್ನು ಮುಖ ಹೊರಗೆ ಮಾಡಿ ಹೊದಿಸಿದ್ದಕ್ಕೆ ಎತ್ತುಗಳು ಬೆದರಿ ಮೇವು ಮುಟ್ಟಲಿಲ್ಲ. ಇದು ಜಾಹೀರಾತಿನ ಪರಿಣಾಮವೆಂದು ನಾನು ಬರೆಯಹೊರಟಿದ್ದೆ. ಎಷ್ಟು ಎತ್ತು, ಯಾವುದಕ್ಕೆ ಹೋಲಿಸಿ ಎಂದು ಮೊಮ್ಮಗಳು ಕೇಳಿದ್ದರಿಂದ, ಎರಡೇ ಎತ್ತು ಎಂದು ಇಲ್ಲಿ ಪ್ರಾಮಾಣಿಕವಾಗಿ ನಮೂದಿಸಿದ್ದೇನೆ. ಆದರೆ ಎರಡರಲ್ಲಿ ಎರಡೂ ಒಪ್ಪಿವೆ, ಮತ್ತು ಯಾವುದಕ್ಕೂ ಕ್ರೀಮು ಪುಕ್ಕಟೆ ಕೊಟ್ಟಿರಲಿಲ್ಲ.